ಊಟದ ಮೇಜಿನ ಮೇಲೆ ಆಯಿಲ್ ಪಂಪು

ಇಗ್ಲಾಲ್ ತನ್ನ ಗಂಡನ ಕಾರಿನಲ್ಲಿ ಕೂತು ಹನ್ನೊಂದು ವರ್ಷವಾಗಿತ್ತು. (ಆ ಕಾರು ಕೂಡ ಹನ್ನೊಂದು ವರ್ಷದಿಂದ ನಿಂತ ಜಾಗ ಬಿಟ್ಟು ಅಲ್ಲಾಡಿರಲಿಲ್ಲ. ಆದರೆ ಇವೆರಡೂ ಬೇರೆ ಬೇರೆ ಸಂಗತಿ, ಕಾರು ಓಡುತ್ತಿದ್ದರೂ ತಾನು ಕೂರುತ್ತಿರಲಿಲ್ಲ ಎಂದು ಅವಳು ಕೇಳಿದವರಿಗೂ ಕೇಳದವರಿಗೂ ಸ್ಪಷ್ಟಪಡಿಸುತ್ತಿದ್ದಳು.) ಇಸ್ಮಾಯಿಲಿಯಾದ ಆ ಬೀದಿಯಲ್ಲಿ ಎಲ್ಲರಿಗೂ ಈ ಕತೆ ಗೊತ್ತಿತ್ತು. ಗೊತ್ತಿಲ್ಲದವರು ಯಾರಾದರೂ ಉಳಿದಿದ್ದರೆ ಅವಳ ತಮ್ಮ ರಿಫಾತ್ ಪೋರ್ಟ್ ಸಯೀದ್‌ನಿಂದ ಬಂದಾಗ ಕೂರಿಸಿಕೊಂಡು ಹೇಳಿ ಹೋಗುತ್ತಿದ್ದ.

ನಡೆದದ್ದು ಇಷ್ಟು. ಅಂದು ರಿಫಾತನ ಮಗಳ ಮದುವೆ. ಇಗ್ಲಾಲ್ ನಾಲ್ಕು ತಿಂಗಳು ಕೂತು ಕಸೂತಿ ಹಾಕಿದ್ದ ಹಸಿರು ಉಡುಪು ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕಾಲುವೆಯ ಪಕ್ಕದ ರಸ್ತೆಯಲ್ಲಿ ಅರ್ಧ ದಾರಿ ಕಳೆದಿತ್ತು. ಸ್ಟಿಯರಿಂಗಿನ ಹಿಂದೆ ಒಂದು ಕೆಂಪು ದೀಪ ಹತ್ತಿತು. ಏನೋ ಕೆಂಪಗೆ ಉರಿಯುತ್ತಿದೆಯಲ್ಲ ಎಂದಳು ಇಗ್ಲಾಲ್. ಗಣಿತದ ಮೇಷ್ಟರಾದ ಶೌಕತ್ ಅತ್ತ ಒಂದು ನೋಟ ಬೀರಿ, ಆ ದೀಪಕ್ಕೆ ಮೊದಲಿಂದಲೂ ಸ್ವಲ್ಪ ಹುಚ್ಚು, ಸುಮ್ಮಸುಮ್ಮನೆ ಹತ್ತಿಕೊಳ್ಳುತ್ತದೆ ಎಂದು ತೀರ್ಪು ಕೊಟ್ಟ. ಹತ್ತನೆಯ ನಿಮಿಷಕ್ಕೆ ಇಂಜಿನ್ನಿನ ಒಳಗೆ ಯಾರೋ ಸುತ್ತಿಗೆ ಹಿಡಿದು ಬಾಗಿಲು ಬಡಿದ ಹಾಗೆ ಸದ್ದು ಶುರುವಾಯಿತು. ಹನ್ನೆರಡನೆಯ ನಿಮಿಷಕ್ಕೆ ಬಡಿಯುವವರು ಬೇಸತ್ತು ಶಾಶ್ವತವಾಗಿ ಸುಮ್ಮನಾದರು.

ಉಳಿದ ದಾರಿಯನ್ನು ದಂಪತಿಗಳು ಒಂದು ಕಲ್ಲಂಗಡಿ ಲಾರಿಯಲ್ಲಿ ಮುಗಿಸಿದರು. ಡ್ರೈವರನ ಪಕ್ಕದಲ್ಲಿ ಅವನ ಅಜ್ಜಿ ಕೂತಿದ್ದರಿಂದ ಇವರು ಹಿಂದೆ ಹಣ್ಣಿನ ರಾಶಿಯ ಮೇಲೆ ಆಸೀನರಾಗಬೇಕಾಯಿತು. ಪೋರ್ಟ್ ಸಯೀದ್ ತಲುಪುವಷ್ಟರಲ್ಲಿ ವಧೂವರರು ಹೊರಟುಹೋಗಿದ್ದರು. ವಾದ್ಯದವರು ಡೋಲುಗಳನ್ನು ಚೀಲಕ್ಕೆ ತುಂಬುತ್ತಿದ್ದರು.

ಇಗ್ಲಾಲ್ ಅಂದು ಜಗಳವಾಡಲಿಲ್ಲ. ಆಡಿದ್ದರೆ ಒಂದು ವಾರದಲ್ಲಿ ಮುಗಿದುಹೋಗುತ್ತಿತ್ತು. ಮಾರನೆಯ ದಿನದಿಂದ ಎಲ್ಲಿಗೆ ಹೋಗುವುದಿದ್ದರೂ ಮೈಕ್ರೋಬಸ್ ಹತ್ತತೊಡಗಿದಳು, ಅಷ್ಟೆ. ಶೌಕತ್ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ. ಇಬ್ಬರು ದಪ್ಪ ಗಂಡಸರ ನಡುವೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಹೋಗುವ ಹೆಂಡತಿಯನ್ನು ಹನ್ನೊಂದು ವರ್ಷ ಹಾಗೆ ನೋಡುವುದೆಂದರೆ ಸಣ್ಣ ಶಿಕ್ಷೆಯಲ್ಲ.

ಆದ್ದರಿಂದ ನಿವೃತ್ತಿಯಾದ ಮರುದಿನವೇ ಅವನು ಕಾರಿನ ಮೇಲಿನ ಹೊದಿಕೆ ತೆಗೆದು, ಅದನ್ನು ಎಳೆಸಿಕೊಂಡು ಬಯ್ಯೂಮಿಯ ವರ್ಕ್‌ಶಾಪಿಗೆ ಒಯ್ದ. ಬಯ್ಯೂಮಿ ಊರಿಗೆಲ್ಲ ಹೆಸರಾದ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಉಸ್ತಾ, ಅಂದರೆ ಮೇಸ್ತ್ರಿ, ಬಯ್ಯೂಮಿ. ಇಂಜಿನ್ ಬಿಚ್ಚಿ ನೋಡಿ ಅವನು ಹೇಳಿದ್ದು ಒಂದೇ ಮಾತು: ಆಯಿಲ್ ಪಂಪು ಉಸಿರು ಬಿಟ್ಟಿದೆ, ಎಣ್ಣೆ ಮೇಲಕ್ಕೆ ಹೋಗಿಲ್ಲ, ಬೇರಿಂಗುಗಳು ಒಣಗಿ ಸತ್ತಿವೆ. ಎರಡು ತಿಂಗಳಲ್ಲಿ ಅವನು ಹೊಸ ಬೇರಿಂಗ್ ಕೂರಿಸಿ, ಶೌಕತನ ಕಾಟ ತಾಳಲಾರದೆ ಆ ಕೆಂಪು ದೀಪದ ಪಕ್ಕದಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೀಟರೊಂದನ್ನೂ ಹಾಕಿಕೊಟ್ಟ. ಕೊನೆಗೆ ಹೊಸ ಪಂಪನ್ನು ಡಬ್ಬಿಯಿಂದ ತೆಗೆದು ಬೋಲ್ಟು ಬಿಗಿಯಲು ಹೊರಟಾಗ ಶೌಕತ್ ಅವನ ಕೈ ಹಿಡಿದ.

"ಒಳಗೆ ಬಿಚ್ಚಿ ನೋಡಿದೀಯಾ?"

"ಹೊಸದು ಉಸ್ತಾಜ್. ಹೊಸದನ್ನ ಯಾಕೆ ಬಿಚ್ಚೋದು?"

"ಹೊಸ ಹುಡುಗ ಅಂತ ಪರೀಕ್ಷೆ ಇಲ್ದೆ ಪಾಸ್ ಮಾಡ್ತಾರಾ?"

ಒಂಬತ್ತನೇ ತರಗತಿಯ ಗಣಿತದಲ್ಲಿ ಇದೇ ಉಸ್ತಾಜ್ ಮೇಷ್ಟರ ಕೈಯಲ್ಲಿ ಎರಡು ಸಲ ಫೇಲಾಗಿದ್ದ ಬಯ್ಯೂಮಿಗೆ ಈ ಮಾತಿಗೆ ಎದುರಾಡುವ ಧೈರ್ಯವಿರಲಿಲ್ಲ. ಇಸ್ಮಾಯಿಲಿಯಾದಲ್ಲಿ ಈ ಗಾಡಿಗೆ ಸಿಕ್ಕಿದ್ದು ಇದೊಂದೇ ಪಂಪು, ಜೋಪಾನ ಎಂದಷ್ಟೇ ಹೇಳಿ ಕಳಿಸಿಕೊಟ್ಟ. ರಿಫಾತನ ಕಿರಿಯ ಮಗನ ಮದುವೆಗೆ ಆಗ ಸರಿಯಾಗಿ ಹದಿನೈದು ದಿನ ಬಾಕಿ ಇತ್ತು. ಪೋರ್ಟ್ ಸಯೀದ್‌ಗೆ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕು. ಶೌಕತನ ಉಳಿದ ಆಯುಷ್ಯದ ಗುರಿ ಅಷ್ಟೇ ಆಗಿತ್ತು.

ಕೈರೋದ ಹಳೆ ಪುಸ್ತಕದ ಗಾಡಿಯಲ್ಲಿ ಕೊಂಡು ತಂದ ಒಂದು ಪುಸ್ತಕ ಅವನ ಬಳಿ ಇತ್ತು. ರಟ್ಟು ಹೋಗಿತ್ತು, ಬರೆದವರ ಹೆಸರೂ ರಟ್ಟಿನ ಜೊತೆಗೇ ಹೋಗಿತ್ತು. ಅದರ ಏಳನೇ ಅಧ್ಯಾಯ 'ಜೋಡಣೆಗೆ ಮುನ್ನ ಪಂಪಿನ ಪರಿಶೀಲನೆ ಮತ್ತು ಸುಧಾರಣೆ'. ಈ 'ಸುಧಾರಣೆ' ಎಂಬ ಪದ ಕಂಡರೆ ಮೇಷ್ಟರುಗಳಿಗೆ ಮೈ ಜುಮ್ಮೆನ್ನುತ್ತದೆ.

ಇಗ್ಲಾಲ್ ಬೆಳಿಗ್ಗೆ ಮಹಿಳಾ ಸಂಘದಲ್ಲಿ ಹುಡುಗಿಯರಿಗೆ ಕಸೂತಿ ಕಲಿಸಲು ಹೋಗುತ್ತಿದ್ದಳು. ಅವಳ ಮೈಕ್ರೋಬಸ್ ತಿರುವು ದಾಟಿದ ಕೂಡಲೇ ಶೌಕತ್ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಪಂಪನ್ನು ಬಿಚ್ಚಿದ. ಒಳಗೆ ಒಂದಕ್ಕೊಂದು ಹಲ್ಲು ಕಚ್ಚಿಕೊಂಡ ಎರಡು ಗೇರು. (ದಾಂಪತ್ಯದ ಹಾಗೆ ಎಂದುಕೊಂಡ, ಆದರೆ ಇವು ಕಚ್ಚಿಕೊಂಡಾಗ ಕೆಲಸ ನಡೆಯುತ್ತದೆ.) ಮೇಲೊಂದು ಮುಚ್ಚಳ. ಪಕ್ಕದಲ್ಲಿ ಒಂದು ಸಣ್ಣ ಕೊಳವೆ, ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಬೆರಳು ಗಾತ್ರದ ಒಂದು ಪಿಸ್ಟನ್. ಒತ್ತಡ ಮಿತಿಮೀರಿದರೆ ಈ ಪಿಸ್ಟನ್ ಹಿಂದೆ ಸರಿದು, ಹೆಚ್ಚಾದ ಎಣ್ಣೆಯನ್ನು ವಾಪಸು ಬಿಟ್ಟುಬಿಡುತ್ತದೆ. ಒತ್ತಡ ಇಳಿದರೆ ಮತ್ತೆ ಮುಂದೆ ಬಂದು ದಾರಿ ಮುಚ್ಚುತ್ತದೆ. ಈ ಮನೆಯಲ್ಲಿ ಆ ಹುದ್ದೆಯನ್ನು ಮೂವತ್ತು ವರ್ಷದಿಂದ ತಾನೇ ನಿರ್ವಹಿಸುತ್ತಿರುವುದಾಗಿ ಶೌಕತ್ ನಂಬಿದ್ದ.

ಗೇರಿಗೂ ಮುಚ್ಚಳಕ್ಕೂ ನಡುವಿನ ಸಂದು ಎಷ್ಟಿರಬೇಕೆಂದು ಪುಸ್ತಕ ಹೇಳುತ್ತಿತ್ತು: ಮಿಲಿಮೀಟರಿನ ನೂರರಲ್ಲಿ ಐದರಿಂದ ಎಂಟು ಪಾಲು, ಅಂದರೆ ಹೆಚ್ಚುಕಡಿಮೆ ಒಂದು ಕೂದಲೆಳೆ. ಫೀಲರ್ ಗೇಜಿನ ತೆಳು ತಗಡುಗಳನ್ನು ಒಂದೊಂದಾಗಿ ತೂರಿಸಿ ನೋಡಿದರೆ ಹನ್ನೊಂದು ಬಂತು. ಹೊಸ ಹುಡುಗ ಮೊದಲ ಪರೀಕ್ಷೆಯಲ್ಲೇ ಸಿಕ್ಕಿಬಿದ್ದ. ಇದಕ್ಕೆ ಮದ್ದು, ಪಂಪಿನ ಮೈಯ ಅಂಚನ್ನು ಕಿಂಚಿತ್ತೂ ಉಬ್ಬುತಗ್ಗಿಲ್ಲದ ಸಮತಟ್ಟು ಜಾಗದಲ್ಲಿ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು, ಮೆಲ್ಲಗೆ ಉಜ್ಜಿ ತಗ್ಗಿಸುವುದು. ಆ ಮನೆಯಲ್ಲಿ ಅಂಥ ಸಮತಟ್ಟು ಜಾಗ ಯಾವುದು? ಊಟದ ಮೇಜಿನ ಮೇಲಿದ್ದ ದಪ್ಪ ಗಾಜು. ಅದು ಇಗ್ಲಾಲಳ ತಾಯಿ ಮದುವೆಗೆ ಕೊಟ್ಟ ಉಡುಗೊರೆ.

ಮಧ್ಯಾಹ್ನ ಇಗ್ಲಾಲ್ ಬಂದಾಗ ಗಾಜಿನ ಮೇಲೆ ಕರಿ ಎಣ್ಣೆಯ ಮಡುವಿತ್ತು, ಅದರ ನಡುವೆ ಗಂಡ ಪಂಪನ್ನು ಹಿಡಿದು ಎಂಟರ ಆಕಾರದಲ್ಲಿ ಉಜ್ಜುತ್ತಿದ್ದ. ಸಾಮಾನ್ಯವಾಗಿ ಅವಳು ಗಂಡನನ್ನು ಹೆಸರು ಹಿಡಿದು, ನೀನು ಎಂದೇ ಕರೆಯುತ್ತಿದ್ದಳು. ಸಿಟ್ಟು ಏರಿದ ಹಾಗೆ ಮರ್ಯಾದೆಯೂ ಏರುತ್ತಿತ್ತು.

"ಉಸ್ತಾಜ್ ಶೌಕತ್, ತಾವು ಏನು ಮಾಡ್ತಿದೀರಿ ಅಂತ ಕೇಳಬಹುದಾ?"

ಶೌಕತ್ ಉಜ್ಜುವುದನ್ನು ನಿಲ್ಲಿಸಿದ. 'ತಾವು' ಎಂಬ ಪದ ಆ ಮನೆಯಲ್ಲಿ ಕಲ್ಲಂಗಡಿಯ ದಿನದ ನಂತರ ಕೇಳಿಬಂದಿರಲಿಲ್ಲ. ಸಮತಟ್ಟು ಮೇಲ್ಮೈಯ ಮಹತ್ವದ ಕುರಿತು ಅವನು ಶುರುಮಾಡಿದ ಉಪನ್ಯಾಸವನ್ನು ಅವಳು ಪೂರ್ತಿ ಕೇಳಿದಳು. ನಂತರ ಗೋಡೆಯ ಬಳಿ ಹೋಗಿ, ಜಿಲ್ಲೆಯ ಅತ್ಯುತ್ತಮ ಶಿಕ್ಷಕ ಎಂದು ಅವನಿಗೆ ಕೊಟ್ಟಿದ್ದ ಪ್ರಶಸ್ತಿಪತ್ರವನ್ನು ಮೊಳೆಯಿಂದಿಳಿಸಿ, ಕಟ್ಟು ಬಿಚ್ಚಿ, ಅದರ ಗಾಜನ್ನು ಅವನ ಕೈಗಿಟ್ಟಳು. ಇದೂ ಸಮತಟ್ಟಾಗಿಯೇ ಇದೆ, ಇದರ ಮೇಲೆ ಎಷ್ಟು ಬೇಕಾದರೂ ಉಜ್ಜಿಕೊಳ್ಳಿ, ಆದರೆ ಬಾಲ್ಕನಿಯಲ್ಲಿ ಎಂದಳು. ಕಾಗದವನ್ನು ಮಡಚಿ ಕಪಾಟಿನೊಳಗೆ ಇಟ್ಟಳು.

ಅತ್ಯುತ್ತಮ ಶಿಕ್ಷಕನ ಗಾಜಿನ ಮೇಲೆ ಎರಡು ದಿನ ಉಜ್ಜಿದ ಮೇಲೆ ಸಂದು ಏಳು ಪಾಲಿಗೆ ಇಳಿಯಿತು. ಇನ್ನು ಪ್ರಯೋಗ. ಪಂಪನ್ನು ಎಣ್ಣೆಯಲ್ಲಿ ಮುಳುಗಿಸಿ, ಅದರ ದಂಡಕ್ಕೆ ಡ್ರಿಲ್ ಮಷೀನ್ ಸಿಕ್ಕಿಸಿ ತಿರುಗಿಸಿದರೆ ಎಣ್ಣೆ ಎಷ್ಟು ಜೋರಾಗಿ ಬರುತ್ತದೆ ಎಂಬುದು ತಿಳಿಯುತ್ತದೆ. ಮೊದಲ ಗುಟುಕು ಎಳೆದುಕೊಳ್ಳಲು ಗೇರುಗಳ ಸಂದಿಗೆ ವ್ಯಾಸಲೀನ್ ತುಂಬಬೇಕಿತ್ತು. ಇಗ್ಲಾಲಳ ಡಬ್ಬಿ ಖಾಲಿಯಾಯಿತು. ಮುಳುಗಿಸಲು ಆಳವಾದ ಪಾತ್ರೆ ಬೇಕಿತ್ತು. ಮುಲೂಖಿಯ್ಯಾ ಸೊಪ್ಪಿನ ಸಾರು ಮಾಡುವ ದೊಡ್ಡ ಪಾತ್ರೆ ಅಡುಗೆಮನೆಯಲ್ಲಿ ನಿರಪರಾಧಿಯಾಗಿ ಕೂತಿತ್ತು. ಡ್ರಿಲ್ ಗುಂಯ್ಗುಟ್ಟಿತು. ಎಣ್ಣೆ ಬರುವ ತೂತನ್ನು ಶೌಕತ್ ಹೆಬ್ಬೆರಳಿನಿಂದ ಅದುಮಿ ಹಿಡಿದ. ಹೆಬ್ಬೆರಳು ಎರಡು ಸೆಕೆಂಡು ತಾಳಿತು. ಆಮೇಲೆ ಎಣ್ಣೆ ಬೆರಳ ಸಂದಿಯಿಂದ ಚಿಮ್ಮಿ, ಅಡುಗೆಮನೆಯನ್ನು ಅಡ್ಡಡ್ಡ ದಾಟಿ, ಇಗ್ಲಾಲ್ ಮದುವೆಗೆ ನೆಂಟರು ಬರುತ್ತಾರೆಂದು ಹಿಂದಿನ ದಿನ ಒಗೆದು ಹಾಕಿದ್ದ ಬಿಳಿ ಪರದೆಗೆ ಬಡಿಯಿತು.

ಸದ್ದು ಕೇಳಿ ಬಂದ ಇಗ್ಲಾಲ್ ಬಾಗಿಲಲ್ಲೇ ನಿಂತಳು. ಶೌಕತನ ಮುಖ ಹಬ್ಬದ ದಿನದ ಮಗುವಿನಂತೆ ಅರಳಿತ್ತು.

"ನೋಡಿದ್ಯಾ ಒತ್ತಡ?"

"ನೋಡ್ತಿದೀನಿ" ಎಂದಳು ಇಗ್ಲಾಲ್, ಪರದೆಯ ಕಡೆ ನೋಡುತ್ತ. "ನನ್ನದನ್ನೂ ಒಂದ್ಸಲ ಅಳೆದು ನೋಡು."

ಆ ದಿನವೇ ರಿಫಾತನ ಫೋನು ಬಂತು. ಅಕ್ಕನ ಹತ್ತಿರ ಮಾತಾಡಿದ ಮೇಲೆ, ಭಾವನಿಗೆ ಕೊಡು ಎಂದ. "ಭಾವ, ಗುರುವಾರಕ್ಕೆ ಲಾರಿ ಹೇಳಿಡ್ಲಾ? ಈ ಸಲ ಕಲ್ಲಂಗಡಿ ಸುಗ್ಗಿ ಮುಗೀತು, ಮಾವಿನಹಣ್ಣಿನ ಲಾರಿ ಸಿಗುತ್ತೆ. ಕೂರೋಕೂ ಮೆತ್ತಗಿರುತ್ತೆ." ಶೌಕತ್ ತಣ್ಣಗೆ, ಗುರುವಾರ ಎಲ್ಲ ನಿನಗೇ ಗೊತ್ತಾಗುತ್ತದೆ ಎಂದ. ಫೋನಿಟ್ಟು ತಿರುಗಿದರೆ ಇಗ್ಲಾಲ್ ಹೇಳಿದಳು, ತಾನು ಪಕ್ಕದ ಮನೆಯವರ ಜೊತೆ ಮೈಕ್ರೋಬಸ್ಸಿನಲ್ಲಿ ಎರಡು ಸೀಟು ಹಿಡಿಸಿದ್ದೇನೆ ಎಂದು. ಎರಡನೆಯದು ಯಾರಿಗೆ ಎಂದು ಅವನು ಕೇಳಿದ. ಉಡುಗೊರೆಯ ಪೆಟ್ಟಿಗೆಗೆ ಎಂದಳು.

ಬುದ್ಧಿ ಇದ್ದವನು ಇಲ್ಲಿಗೆ ನಿಲ್ಲಿಸಿ ಪಂಪನ್ನು ಬಯ್ಯೂಮಿಗೆ ಕೊಡುತ್ತಿದ್ದ. ಆದರೆ ಶೌಕತ್ ಮೂವತ್ತಾರು ವರ್ಷ ಮೇಷ್ಟರಾಗಿದ್ದವನು. ತೊಂಬತ್ತೆಂಟು ತಂದ ಹುಡುಗನನ್ನು ಕರೆದು ಉಳಿದೆರಡು ಎಲ್ಲಿ ಹೋಯಿತು ಎಂದು ಕೇಳುವ ಜಾತಿ. ಪರಿಶೀಲನೆ ಮುಗಿದಿತ್ತು, ಸುಧಾರಣೆ ಬಾಕಿ ಇತ್ತು. ಎಣ್ಣೆ ತಿರುಗುವ ಮೂಲೆಗಳು ಚೂಪಾಗಿದ್ದರೆ ಅವನ್ನು ಸ್ವಲ್ಪ ದುಂಡಗೆ ಮಾಡಿದರೆ ಎಣ್ಣೆ ಸಲೀಸಾಗಿ ಹರಿಯುತ್ತದೆ ಎಂದು ಪುಸ್ತಕದಲ್ಲಿತ್ತು. 'ಸ್ವಲ್ಪ' ಎಂಬ ಪದದ ಕೆಳಗೆ ಬರೆದವನೇ ಗೆರೆ ಎಳೆದಿದ್ದ. ಕೆಳಗಿನ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರ ಬಳಿ ಹಳೆಯ ಡ್ರಿಲ್ಲೊಂದು ಮೂಲೆಗೆ ಬಿದ್ದಿತ್ತು. ಶೌಕತ್ ಅದನ್ನು ಬೇಡಿ ತಂದ. ಗೇರುಗಳಿಗೂ ಹಲ್ಲಿರುವುದರಿಂದ ಡಾಕ್ಟರು ಆಕ್ಷೇಪಿಸಲಿಲ್ಲ.

ಮೂರು ದಿನ ಬಾಲ್ಕನಿಯಿಂದ ಜ್ಞಿಂಯ್ ಜ್ಞಿಂಯ್ ಸದ್ದು ಬಂತು. ಬೀದಿಯಲ್ಲಿ ಹೋಗುವವರು ಅಪ್ರಯತ್ನವಾಗಿ ಕೆನ್ನೆ ಹಿಡಿದುಕೊಂಡರು. ಮೂಲೆಗಳು ಕನ್ನಡಿಯಂತೆ ಹೊಳೆದವು. ಮೂಲೆಗಳು ಮುಗಿದ ಮೇಲೆ ಆ ಪಿಸ್ಟನ್ ಓಡಾಡುವ ಕೊಳವೆಯ ಬಾಯಿ ಕಣ್ಣಿಗೆ ಬಿತ್ತು. ಅದನ್ನೂ ಒಂದಿಷ್ಟು ಸುಧಾರಿಸಿದ. ಆಮೇಲೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಜೋಡಿಸಿ, ಈ ಸಲ ಪರದೆ ಬಿಚ್ಚಿಟ್ಟು, ಅದೇ ಪಾತ್ರೆಯಲ್ಲಿ (ಅದು ಈಗ ಮುಲೂಖಿಯ್ಯಾಕ್ಕೆ ಶಾಶ್ವತವಾಗಿ ಎರವಾಗಿತ್ತು) ಮುಳುಗಿಸಿ, ಡ್ರಿಲ್ ತಿರುಗಿಸಿದ. ಹೆಬ್ಬೆರಳನ್ನು ತೂತಿನ ಮೇಲಿಟ್ಟು, ಕಣ್ಣು ಮುಚ್ಚಿ ಕಾದ.

ಎಣ್ಣೆ ಹನಿಹನಿಯಾಗಿ ತೊಟ್ಟಿಕ್ಕಿತು. ವಯಸ್ಸಾದವರ ಮೂಗಿನಂತೆ.

ಮತ್ತೆ ಬಿಚ್ಚಿದ. ಸಂದು ಅಳೆದ, ಏಳೇ ಪಾಲು. ಗೇರು ನೋಡಿದ, ದಂಡ ನೋಡಿದ, ಎಣ್ಣೆ ಬದಲಿಸಿದ, ಡ್ರಿಲ್ಲನ್ನು ಬೈದ. ಮತ್ತೆ ಜೋಡಿಸಿದರೆ ಮತ್ತೆ ಅದೇ ಹನಿ. ಸೋಮವಾರ ಬಯ್ಯೂಮಿ ಫೋನು ಮಾಡಿ, ನಾಳೆಯೊಳಗೆ ಪಂಪು ಬರದಿದ್ದರೆ ಗುರುವಾರದ ಆಸೆ ಬಿಡಿ, ಬೇರೆ ಪಂಪು ಕೈರೋದಿಂದ ಬರಲು ಮುಂದಿನ ವಾರವಾಗುತ್ತದೆ ಎಂದ. ಶೌಕತ್ ಬಾಲ್ಕನಿಯ ಮಣೆಯ ಮೇಲೆ ಕೂತ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಅವನು ಊಟಕ್ಕೆ ಏಳದೆ ಕೂತದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಬೇಯಿಸಿದ ಕಾಳಿನ ಫೂಲ್ ತಟ್ಟೆ ಆರುತ್ತಿರುವುದನ್ನು ನೋಡಿ ಇಗ್ಲಾಲ್ ಅದಕ್ಕೊಂದು ಮುಚ್ಚಳ ಇಟ್ಟಳು. ಆಮೇಲೆ ತನ್ನ ಹೊಲಿಗೆಯ ಕುರ್ಚಿಯನ್ನು ಎಳೆದುಕೊಂಡು ಬಂದು ಅವನೆದುರು ಕೂತಳು.

ಮೊದಲ ಸಲ ಚಿಮ್ಮಿತ್ತಲ್ಲ, ಈಗ ಯಾಕೆ ಇಲ್ಲ, ನಡುವೆ ಏನೇನು ಮಾಡಿದೆ ಎಂದು ಕೇಳಿದಳು. ಶೌಕತ್ ದ್ರವಗಳ ಗುಣಧರ್ಮದಿಂದ ಶುರುಮಾಡಿದ. ಅವಳು ಅರ್ಧಕ್ಕೇ ತಡೆದಳು. ಪಾಠ ಬೇಡ, ಕೊನೆಯಲ್ಲಿ ಆ ಹಲ್ಲಿನ ಯಂತ್ರ ಮುಟ್ಟಿಸಿದ್ದು ಎಲ್ಲಿಗೆ, ಅದನ್ನು ತೋರಿಸು ಎಂದಳು. ಅವನು ಕೊಳವೆಯ ಬಾಯಿ ತೋರಿಸಿದ. ಅದರೊಳಗೆ ಪಿಸ್ಟನ್ ಓಡಾಡುತ್ತಾ ಎಂದಳು. ಓಡಾಡುತ್ತೆ ಎಂದು ಅವನು ಬೆರಳಿನಿಂದ ಒತ್ತಿ ತೋರಿಸಿದ.

"ನೀನು ಒತ್ತಿದ್ರೆ ಓಡಾಡುತ್ತೆ. ನೀನು ಒಳಗೆ ಕೂತಿರ್ತೀಯಾ?"

ಅವಳು ಪಂಪನ್ನು ತೆಗೆದುಕೊಂಡು, ಸ್ಪ್ರಿಂಗನ್ನು ಬದಿಗಿಟ್ಟು, ಬರೀ ಪಿಸ್ಟನ್ನನ್ನು ಕೊಳವೆಗೆ ಹಾಕಿ, ಓರೆ ಮಾಡಿದಳು. ಅದು ಅರ್ಧ ಜಾರಿ ನಿಂತುಬಿಟ್ಟಿತು. ಶೌಕತ್ ಭೂತಗನ್ನಡಿ ಹಿಡಿದು ಒಳಗೆ ಇಣುಕಿ, ಏನೂ ಇಲ್ಲ, ಕನ್ನಡಿಯ ಹಾಗಿದೆ ಎಂದ. ಇಗ್ಲಾಲ್ ಎದ್ದು ಒಳಗೆ ಹೋದಳು. ಹಳೆಯ ನೈಲಾನ್ ಕಾಲುಚೀಲವೊಂದನ್ನು ಕತ್ತರಿಸಿ, ಕ್ರೋಶೆ ಕಡ್ಡಿಯ ತುದಿಗೆ ಸುತ್ತಿಕೊಂಡು ಬಂದಳು. ಹೊಸ ಹುಡುಗಿಯರು ಕಸೂತಿಯ ಚೌಕಟ್ಟು ತಂದಾಗ ಅದರಲ್ಲಿ ರೇಷ್ಮೆ ದಾರ ಹರಿಯುವಂಥ ಒರಟು ಎಲ್ಲಿದೆ ಎಂದು ಅವಳು ಹುಡುಕುವುದು ಹೀಗೆಯೇ. ಕಣ್ಣಿಗೆ ಕಾಣದ್ದು ನೈಲಾನಿಗೆ ಸಿಗುತ್ತದೆ.

ಕಡ್ಡಿಯನ್ನು ಕೊಳವೆಯೊಳಗೆ ನಿಧಾನವಾಗಿ ತಿರುಗಿಸುತ್ತ ಹೋದಳು. ಶೌಕತ್ ಉಸಿರು ಹಿಡಿದು ನೋಡುತ್ತಿದ್ದ. ಅವಳ ಬೆರಳುಗಳನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿ ಎಷ್ಟು ಕಾಲವಾಯಿತು ಎಂದು ಅವನಿಗೆ ಅನಿಸಿತು. ಇದ್ದಕ್ಕಿದ್ದ ಹಾಗೆ, ತಾನು ಹೇಳಬೇಕೆಂದುಕೊಂಡಿರದ ಮಾತು ಬಾಯಿಗೆ ಬಂತು.

"ಇಗ್ಲಾಲ್, ಅವತ್ತು ಆ ದೀಪ ನಾನು ಸರಿಯಾಗಿ ನೋಡ್ಬೇಕಿತ್ತು. ನೀನು ಹೇಳಿದ್ದೆ."

ಕಡ್ಡಿ ಒಂದು ಗಳಿಗೆ ನಿಂತಿತು.

"ಈ ಮಾತಿಗೆ ಹನ್ನೊಂದು ವರ್ಷ ಬೇಕಾಯ್ತಾ?" ಎಂದಳು ತಲೆಯೆತ್ತದೆ. "ನನಗೆ ಮದುವೆ ತಪ್ಪಿತು ಅಂತ ಸಿಟ್ಟಲ್ಲ ಶೌಕತ್. ಲಾರೀಲಿ ಅಷ್ಟು ದೂರ ಕೂತು ಬಂದ್ವಿ, ಆಗ್ಲಾದ್ರೂ ಹೇಳ್ತೀಯ ಅಂತ ಕಾದೆ. ನೀನು ಡ್ರೈವರಿಗೆ ಕಲ್ಲಂಗಡಿ ಆರಿಸೋದು ಹೇಗೆ ಅಂತ ಪಾಠ ಮಾಡ್ತಿದ್ದೆ."

ಶೌಕತ್ ತಲೆ ತಗ್ಗಿಸಿದ. ಅದು ನಿಜವಾಗಿತ್ತು, ಆ ಪಾಠ ಕೂಡ ತಪ್ಪಾಗಿತ್ತು.

ಅಷ್ಟರಲ್ಲಿ ಇಗ್ಲಾಲ್ ಹ್ಞಾ ಎಂದಳು. ನೈಲಾನಿನ ಒಂದು ಎಳೆ ಒಳಗೆ ಸಿಕ್ಕಿಕೊಂಡಿತ್ತು. ಅವನ ಬೆರಳು ಹಿಡಿದು ಆ ಜಾಗಕ್ಕೆ ಮುಟ್ಟಿಸಿದಳು. ಕೊಳವೆಯ ಬಾಯಿಗೆ ತುಸು ಒಳಗೆ, ಹಲ್ಲಿನ ಡ್ರಿಲ್ಲು ಕೆರೆದ ಕಡೆ, ಲೋಹದ ಒಂದು ಸಿಬಿರು ಎದ್ದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು. ಎಣ್ಣೆಯ ರಭಸಕ್ಕೆ ಪಿಸ್ಟನ್ ಹಿಂದೆ ಸರಿದು, ಆ ಸಿಬಿರಿಗೆ ಸಿಕ್ಕಿಕೊಂಡು, ಮತ್ತೆ ಮುಂದೆ ಬರದೆ ಬಾಗಿಲು ತೆರೆದುಕೊಂಡೇ ನಿಲ್ಲುತ್ತಿತ್ತು. ಒತ್ತಡವೆಲ್ಲ ಅಲ್ಲಿಂದ ಸೋರಿಹೋಗುತ್ತಿತ್ತು. ಅಂದರೆ ಡಬ್ಬಿಯಿಂದ ಬಂದಾಗ ಇಲ್ಲದಿದ್ದ ಏಕೈಕ ದೋಷವನ್ನು ಸುಧಾರಣಾಧಿಕಾರಿಗಳೇ ಮೂರು ದಿನ ಶ್ರಮಪಟ್ಟು ಸ್ಥಾಪಿಸಿದ್ದರು.

ಇಗ್ಲಾಲ್ ಅತಿ ನಯವಾದ ಎಮರಿ ಪೇಪರಿನ ಚೂರನ್ನು ಹೆಣಿಗೆಯ ಕಡ್ಡಿಗೆ ಸುತ್ತಿ, ಸಿಬಿರಿರುವಲ್ಲಿ ಮಾತ್ರ ಆಡಿಸಿದಳು. ಪಕ್ಕದ ಜಾಗವನ್ನು ಮುಟ್ಟಲೇ ಇಲ್ಲ. ಪ್ರತಿ ನಾಲ್ಕು ಸುತ್ತಿಗೊಮ್ಮೆ ನೈಲಾನು ತೂರಿಸಿ ನೋಡುತ್ತಿದ್ದಳು. ಇನ್ನೊಂದು ಸ್ವಲ್ಪ ಉಜ್ಜಿದರೆ ಇನ್ನೂ ಹೊಳೆಯುತ್ತದೆ ಎಂದು ಶೌಕತ್ ಸಲಹೆ ಕೊಟ್ಟ. ಅವಳು ಅವನ ಮುಖ ನೋಡಿದಳು. ಅವನು ಎದ್ದು ಹೋಗಿ ತಣ್ಣಗಾದ ಫೂಲ್ ತಿಂದ.

ಸಿಬಿರು ಹೋಯಿತು. ಸೀಮೆಎಣ್ಣೆಯಲ್ಲಿ ತೊಳೆಯುವಾಗ ಅವಳು ಅವನ ಕೈಯ ಟವೆಲ್ಲನ್ನೂ ಕಿತ್ತುಕೊಂಡಳು. ಅದರಿಂದ ಜುಂಗು ಉದುರುತ್ತದೆ, ಒಂದು ಎಳೆ ಒಳಗೆ ಹೋದರೂ ಮತ್ತೆ ಇದೇ ಗೋಳು ಎಂದು ಹಳೆಯ ಹತ್ತಿಯ ದುಪ್ಪಟಿ ಹರಿದು ಕೊಟ್ಟಳು. ಕೊನೆಗೆ ಪಿಸ್ಟನ್ನನ್ನು ಕೊಳವೆಗೆ ಬಿಟ್ಟಾಗ ಅದು ಯಾರ ಹಂಗೂ ಇಲ್ಲದೆ, ತನ್ನ ಭಾರಕ್ಕೆ ತಾನೇ ಜಾರಿ, ಟಕ್ ಎಂದು ತಳ ಸೇರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೌಕತ್ ಇನ್ನೊಂದು ಸಲ ಹಾಕು ಎಂದ. ಇನ್ನೊಂದು ಸಲ ಹಾಕಿದಳು. ಟಕ್. ಏಳು ಸಲ ಹಾಕಿಸಿದ.

ಕೊನೆಯ ಪ್ರಯೋಗದಲ್ಲಿ ಡ್ರಿಲ್ ಹಿಡಿದವಳು ಇಗ್ಲಾಲ್. ಶೌಕತ್ ಪಾತ್ರೆ ಹಿಡಿದು, ಹೆಬ್ಬೆರಳು ಒತ್ತಿ ನಿಂತ. ಈ ಸಲ ಎಣ್ಣೆ ಪರದೆಯವರೆಗೆ ಹೋಗುವ ತೊಂದರೆ ತೆಗೆದುಕೊಳ್ಳಲಿಲ್ಲ. ನೇರವಾಗಿ ಅವನ ಮುಖಕ್ಕೇ ಬಡಿಯಿತು. ಹುಬ್ಬಿನಿಂದ ಎಣ್ಣೆ ಸುರಿಯುತ್ತ ನಿಂತ ಗಂಡನನ್ನು ನೋಡಿ ಇಗ್ಲಾಲ್ ನಗತೊಡಗಿದಳು. ಡ್ರಿಲ್ ಕೆಳಗಿಟ್ಟು, ಗೋಡೆಗೆ ಒರಗಿ ಕಣ್ಣೀರು ಬರುವವರೆಗೆ ನಕ್ಕಳು. ಶೌಕತ್ ಮುಖ ಒರೆಸಿಕೊಳ್ಳದೆ ಹಾಗೇ ನಿಂತಿದ್ದ. ಒರೆಸಿಕೊಂಡರೆ ಅವಳ ನಗು ನಿಂತೀತು ಎಂದು ಅವನಿಗೆ ಅಳುಕು.

ಮಂಗಳವಾರ ಪಂಪು ಬಯ್ಯೂಮಿಯ ಕೈ ಸೇರಿತು. ಒಂದು ಸಿಬಿರು ಸಿಕ್ಕಿತು, ತೆಗೆದೆವು ಎಂದು ಶೌಕತ್ ಬಹುವಚನದಲ್ಲಿ ವರದಿ ಮಾಡಿದ. ಎಂಥ ಸಿಬಿರು, ಹೇಗೆ ಸಿಕ್ಕಿತು, ತನ್ನ ಕಣ್ಣಿಗಂತೂ ಅಂಥದ್ದು ಬೀಳುವುದಿಲ್ಲ ಎಂದು ಬಯ್ಯೂಮಿ ಕೆದಕಿದ. ಶೌಕತ್ ಕೆಮ್ಮಿ, ಅದಕ್ಕೊಂದು ವೈಜ್ಞಾನಿಕ ವಿಧಾನವಿದೆ ಎಂದ. ವಿಧಾನದ ಹೆಸರು ಕೇಳಿದಾಗ ಕಾಲುಚೀಲ ಎನ್ನಬೇಕಾಯಿತು. ಬಯ್ಯೂಮಿ ಸ್ಪ್ಯಾನರ್ ಕೆಳಗಿಟ್ಟ. ಯಾರ ಕಾಲುಚೀಲ ಎಂದು ಕೇಳಿದ. ಅಲ್ಲಿಂದ ಮುಂದೆ ನಿಜ ಪೂರ್ತಿಯಾಗಿ ಹೊರಬರಲು ಎರಡು ನಿಮಿಷವೂ ಹಿಡಿಯಲಿಲ್ಲ.

ಬುಧವಾರ ಪಂಪು ಕೂತಿತು. ಪ್ಲಗ್ಗುಗಳನ್ನು ಬಿಚ್ಚಿಟ್ಟು ಬಯ್ಯೂಮಿ ಇಂಜಿನ್ನನ್ನು ಬರಿದೇ ತಿರುಗಿಸಿದ. ಮೀಟರಿನ ಮುಳ್ಳು ಮೊದಲು ನಡುಗಿತು, ಆಮೇಲೆ ಒಂದು, ಎರಡು, ಮೂರು ದಾಟಿ ನಾಲ್ಕರ ಹತ್ತಿರ ನಿಂತಿತು. ಪ್ಲಗ್ಗು ಹಾಕಿ ಮತ್ತೆ ತಿರುಗಿಸಿದಾಗ ಹನ್ನೊಂದು ವರ್ಷ ಮೌನವಾಗಿದ್ದ ಇಂಜಿನ್ನು ಒಂದು ಸಲ ಕೆಮ್ಮಿ ಮಾತಾಡತೊಡಗಿತು. ಶೌಕತ್ ಬಯ್ಯೂಮಿಯನ್ನು ತಬ್ಬಿಕೊಂಡ. ಬಯ್ಯೂಮಿಗೆ ಒಂಬತ್ತನೇ ತರಗತಿ ಈಗ ಪಾಸಾದ ಹಾಗಾಯಿತು.

ಗುರುವಾರ ಬೆಳಿಗ್ಗೆ ಶೌಕತ್ ಕಾರನ್ನು ತೊಳೆದು ಮನೆಯೆದುರು ನಿಲ್ಲಿಸಿದ. ಇಗ್ಲಾಲ್ ಏನೂ ಹೇಳಿರಲಿಲ್ಲ, ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಮೈಕ್ರೋಬಸ್ ಬಂದು ತಿರುವಿನಲ್ಲಿ ಹಾರ್ನ್ ಮಾಡಿತು. ಪಕ್ಕದ ಮನೆಯವರು ಹತ್ತಿದರು. ಇಗ್ಲಾಲ್ ಉಡುಗೊರೆಯ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದು ಬಂದಳು. ಮೈಕ್ರೋಬಸ್ಸಿನ ಹತ್ತಿರ ಹೋದಳು. ಪೆಟ್ಟಿಗೆಯನ್ನು ಒಳಗಿನ ಒಂದು ಸೀಟಿನ ಮೇಲಿಟ್ಟು, ಪಕ್ಕದ ಮನೆಯಾಕೆಗೆ ಏನೋ ಹೇಳಿ, ಹಿಂತಿರುಗಿ ಬಂದು ಕಾರಿನ ಮುಂದಿನ ಬಾಗಿಲು ತೆರೆದು ಕೂತಳು.

"ಪೆಟ್ಟಿಗೆ?" ಎಂದ ಶೌಕತ್.

"ಪೆಟ್ಟಿಗೆ ಅಲ್ಲೇ ಬರ್ಲಿ. ಗಾಜಿನ ಸಾಮಾನು. ನಿನ್ನ ಮೇಲೆ ನಂಬಿಕೆ ಬಂದಿದ್ದು ಪಂಪಿನ ಮಟ್ಟಿಗೆ, ನಿನ್ನ ಡ್ರೈವಿಂಗ್ ಮಟ್ಟಿಗಲ್ಲ."

ದಾರಿಯುದ್ದಕ್ಕೂ ಅವನು ಕಾಲುವೆಯಲ್ಲಿ ಸಾಗುವ ದೊಡ್ಡ ಹಡಗುಗಳನ್ನು ತೋರಿಸಿದ, ಹಳೆಯ ದಿನಗಳ ಮಾತು ತೆಗೆದ. ಅವಳು ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ನಾಲ್ಕು ಎನ್ನುವಳು, ಸ್ವಲ್ಪ ಹೊತ್ತಿಗೆ ಮೂರೂವರೆ ಎನ್ನುವಳು, ವೇಗ ತಗ್ಗಿಸು ಎನ್ನುವಳು. ಕಂತರಾ ಊರು ದಾಟಿದ ಮೇಲೆ ಒಂದು ಸಲ, ಯಾವ ಕಾರಣವೂ ಇಲ್ಲದೆ, ಗಾಜು ಇಳಿಸಿ ಕೈಯನ್ನು ಗಾಳಿಗೆ ಚಾಚಿದಳು. ಶೌಕತ್ ಅದನ್ನು ನೋಡಿ ಮಾತು ನಿಲ್ಲಿಸಿದ. ಮದುವೆಗೆ ಮೂರು ಗಂಟೆ ಮೊದಲೇ ಪೋರ್ಟ್ ಸಯೀದ್ ತಲುಪಿದರು. ಬಾಗಿಲಲ್ಲಿ ನಿಂತಿದ್ದ ರಿಫಾತ್ ಮೊದಲು ಕಾರನ್ನು, ಆಮೇಲೆ ಅಕ್ಕನನ್ನು ನೋಡಿ, ಭಾವನಿಗೆ ಹೇಳಲೆಂದು ಹನ್ನೊಂದು ವರ್ಷದಿಂದ ಸಾಣೆ ಹಿಡಿದಿಟ್ಟಿದ್ದ ಮಾತುಗಳನ್ನೆಲ್ಲ ನುಂಗಿಕೊಂಡು, ಬನ್ನಿ ಭಾವ ಎಂದಷ್ಟೇ ಅಂದ.

ಶನಿವಾರ ಬೆಳಿಗ್ಗೆ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಬಯ್ಯೂಮಿ, ಕೈಯಲ್ಲಿ ಬಟ್ಟೆ ಸುತ್ತಿದ ಎರಡು ಪಂಪು. ಒಂದು ಟ್ಯಾಕ್ಸಿಯದಂತೆ, ಇನ್ನೊಂದು ಬೇಕರಿಯ ವ್ಯಾನಿನದಂತೆ. ಶೌಕತನ ಎದೆ ಉಬ್ಬಿತು. ಬಯ್ಯೂಮಿಯನ್ನು ಕೂರಿಸಿ, ಮೇಜಿನ ಮೇಲೆ ಪತ್ರಿಕೆ ಹಾಸಿ, ಕನ್ನಡಕ ಏರಿಸಿ, ಏಳನೇ ಅಧ್ಯಾಯ ತೆರೆದು, ಮೊದಲು ಸಂದಿನ ವಿಚಾರ ನೋಡೋಣ ಎಂದ. ಬಯ್ಯೂಮಿ ಪಂಪುಗಳನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದುಕೊಂಡು, ಬಹಳ ವಿನಯದಿಂದ, ಟೀಚರಮ್ಮನನ್ನು ಕರೆಯುವ ಹಾಗೆ, ಅಬ್ಲಾ ಇಗ್ಲಾಲ್ ಮನೆಯಲ್ಲಿದ್ದಾರಾ ಎಂದು ಕೇಳಿದ.

ಶೌಕತ್ ಟೀ ಮಾಡಲು ಹೋದ. ಅಡುಗೆಮನೆಗೆ ಹೆಂಡತಿಯ ದನಿ ಕೇಳುತ್ತಿತ್ತು. ಟವೆಲ್ ತರಬೇಡಿ ಉಸ್ತಾ, ಜುಂಗು ಉದುರುತ್ತೆ ಎನ್ನುತ್ತಿದ್ದಳು. ಪಿಸ್ಟನ್ ತನ್ನ ಭಾರಕ್ಕೆ ತಾನೇ ಜಾರಬೇಕು, ನಾವು ಒತ್ತಬಾರದು ಎನ್ನುತ್ತಿದ್ದಳು. ಅವನು ಮೂರು ಲೋಟ ತಟ್ಟೆಯಲ್ಲಿಟ್ಟು ತಂದಾಗ ಇಗ್ಲಾಲ್ ಕಿಟಕಿಯ ಬೆಳಕಿಗೆ ಪಂಪು ಹಿಡಿದು ಕ್ರೋಶೆ ಕಡ್ಡಿ ತಿರುಗಿಸುತ್ತಿದ್ದಳು. ಬಯ್ಯೂಮಿ ಬಾಯಿ ತೆರೆದು ನೋಡುತ್ತಿದ್ದ. ಲೋಟ ತೆಗೆದುಕೊಳ್ಳುತ್ತ ಅವನು ಶೌಕತನ ಕಡೆ ತಿರುಗಿ ನಿಜವಾದ ಕಾಳಜಿಯಿಂದ ಹೇಳಿದ:

"ಉಸ್ತಾಜ್, ಮನೇಲೇ ಇಂಥವರಿದಾರೆ. ನೀವೂ ಈ ಕೆಲಸ ಸ್ವಲ್ಪ ಕಲಿತುಕೋಬಾರದಾ?"

"ಕಲಿಸ್ತೀನಿ" ಎಂದಳು ಇಗ್ಲಾಲ್, ಕಡ್ಡಿಯಿಂದ ಕಣ್ಣು ತೆಗೆಯದೆ. "ಕೈ ಇನ್ನೂ ಒರಟು. ಆದ್ರೆ ಹುಡುಗ ಶ್ರದ್ಧೆ ಇರೋನು."

ಶೌಕತ್ ತಟ್ಟೆಯನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಅವಳ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ.